ಲೈನಿನ ಗವರ್ನರ್

ಮಲ್ಲಂದೂರಿನ ಚನ್ನಕೇಶವರ ಕಾಫಿ ಎಸ್ಟೇಟಿನಲ್ಲಿ ಗುರುವಯ್ಯ ಮೇಸ್ತ್ರಿಯಾಗಿ ಇಪ್ಪತ್ತೆರಡು ವರ್ಷ. ಆಳುಗಳಿಗೆ ಕೆಲಸ ಹಂಚಿ ಮಾಡಿಸುವುದಕ್ಕೆ ಅವನಿಗೆ ಸಂಬಳ. ಸಂಬಳವಿಲ್ಲದ ಇನ್ನೊಂದು ಕೆಲಸ ತಾನಾಗಿಯೇ ಹೆಗಲಿಗೆ ಬಿದ್ದಿತ್ತು.

ಶನಿವಾರ ಬಟವಾಡೆಯಾದ ಕೂಡಲೇ ಆಳುಗಳು ಸಾಲಾಗಿ ವಾಸಿಸುವ ಲೈನ್‌ಮನೆಗಳ ಹೆಂಗಸರು ಮನೆಗೆ ಹೋಗುವ ಮುಂಚೆ ಅವನ ಜಗಲಿಗೆ ಬರುತ್ತಿದ್ದರು. ಗಂಡಂದಿರ ಕೈಗೆ ಸಿಕ್ಕರೆ ವಾರದ ಕೂಲಿ ಸಂಜೆಯೊಳಗೆ ಬ್ರಾಂದಿ ಅಂಗಡಿ ಸೇರುವುದು ಗ್ಯಾರಂಟಿ. ಬ್ಯಾಂಕಿನ ಕಾರ್ಡೂ ಗಂಡಂದಿರ ಜೇಬಿನಲ್ಲೇ. ಹಾಗಾಗಿ ನೂರೋ ಇನ್ನೂರೋ ಗುರುವಯ್ಯನ ಕೈಗಿಟ್ಟು ಹೋಗುತ್ತಿದ್ದರು. ಚೀಟಿ ಇಲ್ಲ, ಸಹಿ ಇಲ್ಲ, ಬಡ್ಡಿಯ ಮಾತಂತೂ ಕೇಳಲೇಬೇಡಿ. ಹತ್ತೊಂಬತ್ತು ಹೆಂಗಸರ ದುಡ್ಡಿನಲ್ಲಿ ಒಂದು ರೂಪಾಯಿ ಆಚೀಚೆ ಆದದ್ದಿಲ್ಲ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜಯಪ್ರಕಾಶ್ ಬಿ.ಕಾಂ. ಓದಿದವನು. ಹೆಂಗಸರ ದುಡ್ಡು ಕಾಯುವ ಗುರುವಯ್ಯನನ್ನು ‘ಗವರ್ನರ್’ ಎಂದೇ ಛೇಡಿಸುತ್ತಿದ್ದ. ಒಂದು ದಿನ ಗುರುವಯ್ಯ ಕೇಳಿಯೇಬಿಟ್ಟ.

“ಅಲ್ಲ ರೈಟ್ರೇ, ಆ ಗವರ್ನರ್ರಿಗೆ ಕೆಲ್ಸ ಅಂತ ಏನಿರ್ತದೆ?”

ಜಯಪ್ರಕಾಶ್ ಜೇಬಿನಿಂದ ನೋಟು ತೆಗೆದು ಸಹಿ ತೋರಿಸಿದ. “ಇಷ್ಟು ರೂಪಾಯಿ ಕೊಡ್ತೀನಿ ಅಂತ ದೇಶಕ್ಕೇ ಮಾತು ಕೊಟ್ಟಿರೋದು ಅವ್ರು, ನೋಟು ಹೊರಡಿಸೋ ದೊಡ್ಡ ಬ್ಯಾಂಕಿನ ಯಜಮಾನ್ರು. ಎಲ್ಲೆಲ್ಲೋ ದೊಡ್ಡ ಕೆಲ್ಸ ಮಾಡಿ ಪಳಗಿದ ಮೇಲೆ ಆ ಕುರ್ಚಿಗೆ ಬರ್ತಾರೆ. ಬೆಲೆ ಏರದ ಹಾಗೆ ನೋಡ್ಕೋಬೇಕು, ಉಳಿದ ಬ್ಯಾಂಕುಗಳನ್ನ ಕಾಯ್ಬೇಕು. ಎಲ್ಲಕ್ಕಿಂತ ಮುಖ್ಯ, ಜನ ಗಾಬರಿ ಬೀಳಬಾರ್ದು. ಎಲ್ರೂ ಒಂದೇ ದಿನ ದುಡ್ಡು ಕೊಡಿ ಅಂತ ಬಂದ್ರೆ ಯಾವ ಬ್ಯಾಂಕೂ ಉಳಿಯಲ್ಲ ಮಾರಾಯ್ರೆ. ಅದಕ್ಕೇ ಅವ್ರು ಅಳೆದು ತೂಗಿ ಮಾತಾಡ್ತಾರೆ.”

ಇಷ್ಟರಲ್ಲಿ ಗುರುವಯ್ಯನ ತಲೆಯಲ್ಲಿ ಉಳಿದದ್ದು ಒಂದೇ, ಜನ ಗಾಬರಿ ಬೀಳಬಾರದು ಎನ್ನುವುದು. ಹಾಳಾದ್ದು, ಅರ್ಧ ಪಾಠ.

ಮಳೆಗಾಲದಲ್ಲಿ ಲೈನ್‌ಮನೆಯೊಳಗೆ ನೋಟಿಗೂ ಬೂಷ್ಟು ಹಿಡಿಯುತ್ತದೆ. ದಪ್ಪ ಕಟ್ಟನ್ನು ಬಚ್ಚಿಡುವುದೂ ಕಷ್ಟ. ಅದಕ್ಕೆಂದು ಅವನು ಸಣ್ಣ ನೋಟುಗಳನ್ನೆಲ್ಲ ಆಲ್ದೂರಿನ ಕಾಫಿ ವ್ಯಾಪಾರಿಯ ಹತ್ತಿರ ಎರಡು ಸಾವಿರದ ನೋಟು ಮಾಡಿಸಿ, ಪ್ಲಾಸ್ಟಿಕ್ ಸುತ್ತಿ ಡಬ್ಬಿಯಲ್ಲಿಟ್ಟಿದ್ದ. 2023ರ ಮೇ ತಿಂಗಳಲ್ಲಿ ಆ ನೋಟನ್ನೇ ವಾಪಸು ಪಡೆಯುತ್ತೇವೆಂದು ದೊಡ್ಡ ಬ್ಯಾಂಕು ಹೇಳಿತು. ಊರಿನ ಬ್ಯಾಂಕುಗಳಲ್ಲಿ ಬದಲಾಯಿಸಿಕೊಳ್ಳಲು ನಾಲ್ಕು ತಿಂಗಳಿಗೂ ಹೆಚ್ಚು ಸಮಯ ಕೊಟ್ಟಿದ್ದರು.

ಆಲ್ದೂರಿನ ಬ್ಯಾಂಕಿಗೆ ಹೋಗಿ ಸಾಲಲ್ಲಿ ನಿಂತಿದ್ದರೆ ಮುಗಿಯುತ್ತಿತ್ತು. ನಿಲ್ಲಲಿಲ್ಲ ಈ ಪುಣ್ಯಾತ್ಮ. ಸಾಲಲ್ಲಿ ನಿಂತದ್ದನ್ನು ಲೈನಿನವರು ಒಬ್ಬರು ಕಂಡರೂ ಸಾಕು, ಹತ್ತೊಂಬತ್ತು ಜನವೂ ಅಂದೇ ದುಡ್ಡು ಕೇಳಲು ಬರುತ್ತಾರೆ ಎಂದು ಹೆದರಿದ. ಅಷ್ಟಿಷ್ಟು ದುಡ್ಡು ಕೇಳಿದವರಿಗೆ ಆ ವಾರ ಬಂದ ದುಡ್ಡಲ್ಲೇ ಕೊಟ್ಟು ಕಳಿಸಿದ. “ನಿಮ್ಮ ದುಡ್ಡಿಗೇನಾಗಿಲ್ಲ, ಹೋಗಿ ಕೆಲ್ಸ ನೋಡಿ” ಅನ್ನುತ್ತಿದ್ದ. ನಾಳೆ, ನಾಡಿದ್ದು ಎನ್ನುತ್ತ ಮಳೆಗಾಲವೇ ಕಳೆಯಿತು. ಅಕ್ಟೋಬರ್ ಏಳು ದಾಟಿದ ಮೇಲೆ ಊರಿನ ಬ್ಯಾಂಕುಗಳೂ ಆ ನೋಟು ಮುಟ್ಟಲಿಲ್ಲ. ಇನ್ನು ಬೆಂಗಳೂರಿನ ದೊಡ್ಡ ಬ್ಯಾಂಕಿನ ಕಚೇರಿಯೇ ಗತಿ.

ಅದೇ ತಿಂಗಳ ಮೂರನೆಯ ಸೋಮವಾರ ಯಲ್ಲಮ್ಮ ಬಂದಳು. ಆರು ವರ್ಷದಿಂದ ಅವನ ಹತ್ತಿರ ಕೂಡಿಟ್ಟವಳು. ಅವಳ ಮಗಳು ರಕ್ಷಾಗೆ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು.

“ಗುರುವಣ್ಣ, ಗುರುವಾರದೊಳಗೆ ನಲ್ವತ್ತು ಸಾವ್ರ ಕಟ್ಬೇಕಂತೆ. ತಪ್ಪಿದ್ರೆ ಸೀಟು ಬೇರೆಯವ್ರಿಗೆ ಹೋಗ್ತದಂತೆ.”

“ಆಯ್ತಮ್ಮ, ಕೊಡ್ತೀನಿ.”

ಆಗಲಾದರೂ ನಿಜ ಹೇಳಬಾರದಿತ್ತೇ? ಯಾರಿಗೂ ಹೇಳದೆ ಮರುದಿನ ಬೆಂಗಳೂರಿನ ಬಸ್ಸು ಹತ್ತಿದ. ಬುಧವಾರವಿಡೀ ಸಾಲಲ್ಲಿ ನಿಂತ. ಕೌಂಟರಿನವರು ಅವನ ಆಧಾರ್ ಕಾರ್ಡು ನೋಡಿ, ಒಂದು ಸಲಕ್ಕೆ ಇಪ್ಪತ್ತು ಸಾವಿರ ಮಾತ್ರ ಎಂದರು. ಹುಡುಗಿಯ ಸೀಟು ಹೋಗುತ್ತದೆ ಎಂದು ಗುರುವಯ್ಯ ಕೈಮುಗಿದ.

“ರೂಲ್ಸು ಎಲ್ರಿಗೂ ಒಂದೇ ಯಜಮಾನ್ರೆ, ನಾನೇನು ಮಾಡ್ಲಿ” ಎಂದರು ಅವರು. ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಯಲ್ಲಮ್ಮನ ಕೈಗೆ ಬಂದದ್ದು ಅರ್ಧ ದುಡ್ಡು. ತಾಯಿ ಮಗಳು ಅಷ್ಟನ್ನೇ ಹಿಡಿದು ಚಿಕ್ಕಮಗಳೂರಿಗೆ ಓಡಿದರು. ಕಾಲೇಜಿನವರು ಅರ್ಧ ಫೀಸು ತೆಗೆದುಕೊಳ್ಳಲಿಲ್ಲ. ಸಂಜೆ ಐದಕ್ಕೆ ಸೀಟು ಹೋಯಿತು.

ಸುದ್ದಿ ತಿಳಿದು ಚನ್ನಕೇಶವ ಗುರುವಯ್ಯನನ್ನು ಕರೆಸಿದರು. “ಇಪ್ಪತ್ತು ಸಾವ್ರ ತಾನೆ? ಒಂದು ಮಾತು ಹೇಳಿದ್ರೆ ನಾನೇ ಕೊಡ್ತಿದ್ನಲ್ಲೋ ಮಾರಾಯ. ಯಾಕೆ ಬಾಯಿ ಮುಚ್ಕೊಂಡಿದ್ದೆ?”

“ಕೇಳಿದ್ರೆ ಎಲ್ರಿಗೂ ಗೊತ್ತಾಗ್ತಿತ್ತು ಅಯ್ಯ. ಗಾಬರಿ ಬೀಳ್ತಾರೆ ಅಂತ…”

ಆಮೇಲೆ ಅವನು ಎಂಟು ಸಲ ಬೆಂಗಳೂರಿಗೆ ಹೋಗಿ ಬಂದ, ಬಸ್ಸಿನ ಖರ್ಚೆಲ್ಲ ತನ್ನ ಕೈಯಿಂದಲೇ. ಹತ್ತೊಂಬತ್ತು ಜನರ ದುಡ್ಡೂ ಪೂರ್ತಿ ಮುಟ್ಟಿತು. ಉಳಿದರ್ಧ ಕೈಗಿಟ್ಟಾಗ ಯಲ್ಲಮ್ಮ ಬೈಯಲಿಲ್ಲ. “ಇದನ್ನ ಈಗ ಏನು ಮಾಡ್ಲಿ ಗುರುವಣ್ಣ?” ಎಂದಳು ಅಷ್ಟೆ. ಎರಡು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರುವಾಯಿತು. ಮೊದಲ ದಿನ ಬೆಳಿಗ್ಗೆ ಯಲ್ಲಮ್ಮನ ಪಕ್ಕದಲ್ಲಿ ರಕ್ಷಾ ಸೊಂಟಕ್ಕೆ ಹಣ್ಣು ಕೊಯ್ಯುವ ಚೀಲ ಕಟ್ಟಿಕೊಂಡು ನಿಂತಿದ್ದಳು. ಹಾಜರಿ ಕೂಗಿ ಹೆಸರು ಬರೆಯಬೇಕಾದವನು ಮೇಸ್ತ್ರಿಯೇ. ಗುರುವಯ್ಯ ಒಬ್ಬೊಬ್ಬರನ್ನೇ ಕೂಗುತ್ತ ಬಂದ. ರಕ್ಷಾಳ ಮುಂದೆ ಬಂದವನು ಹಾಜರಿ ಪುಸ್ತಕದ ಹಾಳೆಗಳನ್ನು ಹಿಂದೆ ಮುಂದೆ ತಿರುವತೊಡಗಿದ. ಅವಳೇ ಹೇಳಿದಳು.

“ನಾನೂ ಬಂದಿದ್ದೀನಿ ಗುರುಮಾಮ, ಬರ್ಕೊಳ್ಳಿ.”