ಓಕ್ ಮರದ ತಾಯಿ

ನನ್ನ ಅಮ್ಮ ಸಣ್ಣತಾಯಮ್ಮ ಮದ್ದೂರಿನವಳು. ಹನ್ನೆರಡು ವರ್ಷದಿಂದ ಅಮೆರಿಕದ ಸ್ಯಾನ್ ಹೊಸೆಯ ನಮ್ಮ ಮನೆಯಲ್ಲಿದ್ದಾಳೆ. ಇಂಗ್ಲಿಷು ಬಾರದಿದ್ದರೂ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿಯ ಜೊತೆ ಬೇಲಿಯಾಚೆ ಮೆಣಸಿನಕಾಯಿ ಕೊಟ್ಟು ತೆಗೆದುಕೊಳ್ಳುತ್ತಾಳೆ. ಇಬ್ಬರೂ ಅರ್ಧ ಗಂಟೆ ಅದೇನು ಮಾತಾಡುತ್ತಾರೋ ದೇವರಿಗೇ ಗೊತ್ತು. ಹಿತ್ತಲಲ್ಲಿ ಅವರೆ ಬೆಳೆಯುತ್ತಾಳೆ. ನನ್ನ ಅಡುಗೆಯನ್ನು ಮಾತ್ರ ಇವತ್ತಿನವರೆಗೂ ಹೊಗಳಿಲ್ಲ.

ಆ ಹಿತ್ತಲಲ್ಲೊಂದು ಹಳೆಯ ಓಕ್ ಮರವಿತ್ತು. ಒಳಗೆಲ್ಲ ಟೊಳ್ಳಾಗಿ ಮನೆಯ ಕಡೆ ವಾಲಿತ್ತು. ಕಡಿಸಲು ಪರ್ಮಿಟು ಸಿಗುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಅಂತೂ ಶನಿವಾರ ಕಡಿಯುವವರು ಬರುತ್ತಾರೆಂದಾಯಿತು. ಶುಕ್ರವಾರ ಸಂಜೆ ನೋಡಿದರೆ, ಹನ್ನೊಂದು ವರ್ಷದ ಮಗಳು ತನ್ವಿ ಮರವನ್ನು ತಬ್ಬಿ ಕೂತಿದ್ದಾಳೆ. ಶಾಲೆಯಲ್ಲಿ ಪ್ರಾಚೀನ ಗ್ರೀಸಿನ ಪಾಠವಂತೆ. ಅಲ್ಲಿ ಮರದೊಳಗೆ ಒಬ್ಬ ಹೆಣ್ಣು ದೇವತೆ ಇರುತ್ತಿದ್ದಳಂತೆ, ಡ್ರಯಾಡ್ ಅಂತ. ಮರದ ಜೊತೆಗೇ ಹುಟ್ಟಿ, ಮರ ಬಿದ್ದ ದಿನ ಸಾಯುವವಳು.

"ಅಮ್ಮ, ಯೂ ಆರ್ ಕಿಲ್ಲಿಂಗ್ ಹರ್!" ಎಂದು ತನ್ವಿ ಅತ್ತಳು.

ನನಗೆ ರೇಗಿತು. "ಇದು ಮನೆ ಮೇಲೆ ಬಿದ್ರೆ ನಾವು ಸಾಯ್ತೀವಿ. ಏಳು ಮೇಲೆ!"

ಅವಳು ಏಳಲಿಲ್ಲ. ಅಷ್ಟರಲ್ಲಿ ಅಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು.

"ನಮ್ಮ ಕಡೆ ಹೇಳ್ದೆ ಕೇಳ್ದೆ ಕೊಡಲಿ ಹಾಕಲ್ಲ ಕನವ್ವ," ಎಂದು ಮೊಮ್ಮಗಳ ಪಕ್ಕ ಕೂತಳು. "ಹಿಂದಿನ ದಿನಾನೇ ಪೂಜೆ ಮಾಡಿ, ಇಲ್ಲಿರೋ ತಾಯಿ, ಬೇರೆ ಮರಕ್ಕೆ ಹೋಗವ್ವ ಅಂತ ಕೇಳ್ಕತೀವಿ. ಅವಳು ಹೊರಡಕ್ಕೆ ಒಂದು ದಿನ ಬ್ಯಾಡ್ವಾ?"

"ಬಟ್ ಅಜ್ಜಿ, ಶಿ ಕಾಂಟ್ ಮೂವ್. ಈ ಮರ ಬಿಟ್ರೆ ಸತ್ತೋಗ್ತಾಳೆ."

ಅಮ್ಮ ಬುಡಕ್ಕೆ ಕುಂಕುಮ ಹಚ್ಚಿದಳು. "ನಾನೂ ಹಂಗೇ ಅನ್ಕಂಡಿದ್ದೆ. ಇಲ್ಲಿಗೆ ಬಂದು ಒಂದು ವರ್ಷ ಸತ್ತಂಗೇ ಇದ್ದೆ. ಆಮೇಲೆ ನೀನು ಹುಟ್ಟಿದೆ."

ತನ್ವಿ ಕಣ್ಣೊರೆಸಿಕೊಂಡಳು. "ನಿನ್ನನ್ನ ಫಸ್ಟ್ ಕೇಳಿದ್ರಾ, ಅಜ್ಜಿ?"

ಅಮ್ಮ ನನ್ನ ಕಡೆ ನೋಡಲಿಲ್ಲ. "ಅದೆಲ್ಲ ಈಗ್ಯಾಕೆ. ತೆಂಗಿನಕಾಯಿ ತಗಂಬಾ, ಹೋಗು" ಎಂದಳು.

ಕೇಳಿರಲಿಲ್ಲ. ಅಪ್ಪ ತೀರಿಕೊಂಡ ಕೆಲವೇ ತಿಂಗಳಲ್ಲಿ ವೀಸಾ ಮಾಡಿಸಿ, ಮನೆಗೆ ಬೀಗ ಹಾಕಿಸಿ, ಟಿಕೆಟು ಕೈಗಿಟ್ಟಿದ್ದೆ. ಒಳ್ಳೆಯದು ಮಾಡುತ್ತಿದ್ದೇನೆಂಬ ಧಿಮಾಕು ಬೇರೆ. ಮರಕ್ಕೆ ಸಿಕ್ಕ ಒಂದು ದಿನವನ್ನೂ ನಾನು ನನ್ನ ಅಮ್ಮನಿಗೆ ಕೊಟ್ಟಿರಲಿಲ್ಲ. ನಾಚಿಕೆಯಾಯಿತು.

ತನ್ವಿ ಕಾಯಿಯ ಜೊತೆಗೆ ಕುಂಡವೊಂದನ್ನೂ ತಂದಳು. ಅದರಲ್ಲಿ ಅದೇ ಮರದ ಬೀಜದಿಂದ ಎದ್ದ ಗೇಣುದ್ದದ ಸಸಿಯಿತ್ತು. ಅದನ್ನು ಬುಡದ ಹತ್ತಿರ ಇಟ್ಟು, ಕೈಮುಗಿದು, ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿದಳು. ಆಮೇಲೆ ತಾನಾಗಿಯೇ ಎದ್ದು ಒಳಗೆ ಹೋದಳು.

ನಾನು ಅಮ್ಮನ ಪಕ್ಕ ಕೂತೆ. "ಅಮ್ಮ, ನಿಂಗೆ ವಾಪಸ್ ಊರಿಗೆ ಹೋಗ್ಬೇಕು ಅನ್ಸುತ್ತಾ?"

ಅಮ್ಮ ಈಗ ನನ್ನ ಮುಖ ನೋಡಿದಳು. "ಈಗ ಕೇಳ್ತಿದ್ದೀಯಲ್ಲ ಹರ್ಷಿತಾ," ಎಂದಳು. "ಅವರೆ ಹೂ ಬಿಟ್ಟದೆ. ಬಿಟ್ಟು ಹೋಗಕ್ಕಾಯ್ತದಾ?"