ಹಲ್ಲವ್ವನ ಫೋಟೋ

ಇಂಡಿ ಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿರುವ ನನ್ನ ಹಲ್ಲಿನ ದವಾಖಾನೆಗೆ ಆ ಫೋಟೋ ತಂದುಕೊಟ್ಟವರು ಒಬ್ಬ ಸಿಸ್ಟರ್. ಮಂಗಳೂರು ಕಡೆಯ ಕ್ರೈಸ್ತ ಸಂನ್ಯಾಸಿನಿ, ಇಲ್ಲಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದರು. ರೂಟ್ ಕೆನಾಲ್ ಮುಗಿದ ದಿನ ಕಟ್ಟು ಹಾಕಿಸಿದ ಚಿತ್ರವೊಂದನ್ನು ಕೈಗಿಟ್ಟು, "ಹಲ್ಲುನೋವಿನವರು ಪ್ರಾರ್ಥಿಸುವ ಸಂತರು ಇವರು, ಡಾಕ್ಟ್ರೇ," ಎಂದರು. ಹಸಿರು ನಿಲುವಂಗಿ ತೊಟ್ಟ ಹುಡುಗಿ, ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲೊಂದು ಹಲ್ಲು. ಬೇಡವೆನ್ನಲು ಸಂಕೋಚವಾಗಿ ಪೇಷಂಟುಗಳು ಕೂರುವ ಕಡೆ ತೂಗುಹಾಕಿದೆ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ವಾರ ತುಂಬುವುದರೊಳಗೆ ಗಾಜಿನ ಮೇಲೆ ಕುಂಕುಮ ಬಿತ್ತು. ಆಮೇಲೆ ಊದಿನಕಡ್ಡಿ. ಒಂದು ಸೋಮವಾರ ಬಂದು ನೋಡಿದರೆ ಯಾರೋ ಒಳಗೇ ಕಾಯಿ ಒಡೆದಿದ್ದರು. ನೀರು ಹರಿದು ಹಲ್ಲು ಕೊರೆಯುವ ಯಂತ್ರದ ಕಂಪ್ರೆಸರ್ ತನಕ ಬಂದಿತ್ತು. ಸಹಾಯಕಿಯನ್ನು ಬೈದೆ.

"ನಾ ಏನ್ ಮಾಡ್ಲಿರಿ ಮೇಡಂ? ಹಲ್ಲವ್ವ ಅಂತ ಕೈ ಮುಗಿತಾರ. ಬ್ಯಾಡ ಅಂದ್ರ ನಿನಗ ಪಾಪ ಬರತೈತಿ ಅಂತಾರ."

ಹೊರ್ತಿ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಅಜ್ಜಿಯಂತೂ ನನ್ನ ತಾಳ್ಮೆಯನ್ನೆಲ್ಲ ತಿಂದುಹಾಕಿದಳು. ಕೆಳದವಡೆಯ ಹಲ್ಲು ಪೂರ್ತಿ ಕೊಳೆತಿತ್ತು. ಗುಳಿಗೆ ಕೊಟ್ಟು, ಕೀಳಿಸಲು ಬಾ ಎಂದು ಕಳಿಸಿದ್ದೆ. ಹೇಳಿದ ದಿನಕ್ಕೆ ತಪ್ಪದೆ ಬರುತ್ತಿದ್ದಳು. ಫೋಟೋದ ಮುಂದೆ ಸೆರಗೊಡ್ಡಿ ನಿಂತು, ನನ್ನ ಕಡೆ ತಿರುಗಿಯೂ ನೋಡದೆ ವಾಪಸ್ ಬಸ್ ಹತ್ತುತ್ತಿದ್ದಳು. ಕೊನೆಗೊಮ್ಮೆ ಗಲ್ಲ ಬಾತುಕೊಂಡು ಬಂದಾಗ ನಾನು ಕೈಗವಸು ಹಾಕಿಕೊಂಡೇ ಹೊರಗೆ ಬಂದೆ.

"ಆಯಿ, ಒಳಗ ಬಾ. ಇನ್ನ ಬಿಟ್ರ ಕೀವು ಕುತ್ತಿಗಿಗೆ ಇಳಿತೈತಿ."

"ಆಕೀನ ಡಾಕ್ಟರ್ ಅದಾಳಲ್ರಿ," ಎಂದು ಫೋಟೋ ತೋರಿಸಿದಳು. "ಕೈಯಾಗ ಇಕ್ಳ ಹಿಡದಾಳ. ಆಕಿ ಕಿತ್ರ ಬ್ಯಾನಿ ಆಗಂಗಿಲ್ಲಂತ."

ನಿಜ ಹೇಳಿಬಿಟ್ಟರೆ ಈ ಪೂಜೆ ನಿಲ್ಲುತ್ತದೆಂದುಕೊಂಡು, ಸಿಸ್ಟರ್ ನನಗೆ ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಆಕೆ ಡಾಕ್ಟರಲ್ಲ. ಬಹಳ ಹಿಂದೆ, ಸಮುದ್ರದಾಚೆಯ ಅಲೆಕ್ಸಾಂಡ್ರಿಯದಲ್ಲಿ ಏಸುವನ್ನು ನಂಬಿ ಮದುವೆಯಿಲ್ಲದೆ ಉಳಿದ ಕನ್ಯೆ. ಊರ ಜನ ಕ್ರೈಸ್ತರ ಮೇಲೆ ತಿರುಗಿಬಿದ್ದಾಗ ಆಕೆಯನ್ನು ಹಿಡಿದು, ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಕಿತ್ತುಹಾಕಿದರು. ಊರ ಹೊರಗೆ ಬೆಂಕಿ ಹಾಕಿ, ನಿನ್ನ ದೇವರನ್ನು ಬೈಯಿ, ಇಲ್ಲವಾದರೆ ಸುಡುತ್ತೇವೆ ಎಂದರು. ಸ್ವಲ್ಪ ಕೈ ಬಿಡಿ ಎಂದಳು. ಬಿಟ್ಟರು. ತಾನೇ ಬೆಂಕಿಗೆ ಹಾರಿದಳು.

ಅಜ್ಜಿ ಕೇಳಿದಳು, "ಇಷ್ಟ್ ಸಣ್ಣ ಹುಡುಗೀನ್ರಿ?"

"ಅಲ್ಲ, ನಿನ್ನಂಗ ವಯಸ್ಸಾದಾಕಿ. ಫೋಟೋದಾಗ ಹಿಂಗ ಬರದಾರ."

"ಅಂದ್ರ ಈ ಇಕ್ಳ ಆಕೀದಲ್ಲ?"

"ಅಲ್ಲ. ಆಕಿ ಹಲ್ಲ ಕಿತ್ತವರದು."

ಕಾಯುತ್ತಾ ಕೂತಿದ್ದ ಎಲ್ಲರ ಕಣ್ಣೂ ನನ್ನ ಕೈಗವಸಿನ ಮೇಲೆ ಬಂತು. ಅಜ್ಜಿ ಚೀಲ ಎತ್ತಿಕೊಂಡು ಹೊರಟಳು. ಮಗಳನ್ನು ಕರೆತಂದಿದ್ದ ಮಾಸ್ತರರೊಬ್ಬರೂ ಅವಳ ಹಿಂದೆಯೇ ಎದ್ದರು.

ಸಂಜೆ ಸಿಸ್ಟರ್‌ಗೆ ಫೋನ್ ಮಾಡಿ, ಜನ ಪೂಜೆಗೇ ಇಳಿದಿದ್ದಾರೆ, ನಿಮ್ಮ ಫೋಟೋ ಒಯ್ಯಿರಿ ಎಂದೆ. ಅವರು ನಕ್ಕರು.

"ನಮ್ಮವರೇನು ಕಡಿಮೆಯಾ ಡಾಕ್ಟ್ರೇ? ಅವರ ಹಲ್ಲು ಅಂತ ಇಟ್ಟುಕೊಂಡ ಚರ್ಚುಗಳು ಎಷ್ಟೋ ಇದ್ದವಂತೆ. ಎಲ್ಲ ಸೇರಿಸಿದರೆ ಒಂದು ಬಾಯಲ್ಲಿ ಹಿಡಿಯುತ್ತಿರಲಿಲ್ಲವಂತೆ."

ನನಗೆ ನಗು ಬರಲಿಲ್ಲ. ಫೋಟೋ ಒಯ್ಯಲು ಅವರು ಬರಲೂ ಇಲ್ಲ.

ಒಂದೆರಡು ದಿನ ಬಿಟ್ಟು ಅಜ್ಜಿ ಮತ್ತೆ ಬಂದಳು. ಈ ಸಲ ಸೀದಾ ಒಳಗೆ ಬಂದು ಕುರ್ಚಿ ಹತ್ತಿದಳು. ಸಹಾಯಕಿ ರೂಢಿಯಂತೆ ಭುಜ ಹಿಡಿಯಲು ಹೋದಾಗ ಅವಳ ಕೈ ಸರಿಸಿದಳು.

"ಹಿಡಿಬ್ಯಾಡವಾ. ಆಕಿ ಕೈ ಬಿಡ್ರಿ ಅಂದ್ಲಂತಲ್ಲ, ನಂದೂ ಬಿಡ್ರಿ. ನಾನಾಗೇ ಬಾಯಿ ತಗಿತೇನಿ."

ಸೂಜಿಗೂ ಅಲುಗಲಿಲ್ಲ. ಹಲ್ಲು ಬೇರುಸಮೇತ ಬಂತು. ಇಷ್ಟು ಗಟ್ಟಿಗಿತ್ತಿ ಇಷ್ಟು ದಿನ ನನ್ನನ್ನು ಯಾಕೆ ಸತಾಯಿಸಿದಳೋ ಎಂದು ಸಿಟ್ಟೇ ಬಂತು. ಹತ್ತಿ ಕಚ್ಚಿಕೊಂಡಿದ್ದವಳು ಹಲ್ಲು ಕೊಡು ಎಂದು ಸನ್ನೆ ಮಾಡಿದಳು. ಕೊಟ್ಟೆ. ಅದನ್ನು ಒಯ್ದು ಫೋಟೋದ ಕಟ್ಟಿನ ಮೇಲಿಟ್ಟು ಕೈ ಮುಗಿದಳು. ಹಾಗೆಲ್ಲ ಇಡಬಾರದು, ದವಾಖಾನೆಯ ಕಸಕ್ಕೆ ಬೇರೆ ನಿಯಮವಿದೆ ಎಂದು ನಾನು ಹೇಳುತ್ತಿರುವಾಗಲೇ ಮೆಟ್ಟಿಲಿಳಿದು ಹೋದಳು.

ಈಗ ಹೊರ್ತಿ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರು ಕುರ್ಚಿ ಹತ್ತುವ ಮೊದಲೇ "ಹಿಡಿಬ್ಯಾಡ್ರಿ" ಅನ್ನುತ್ತಾರೆ. ನಾವು ಹಿಡಿಯುವುದನ್ನು ಬಿಟ್ಟಿದ್ದೇವೆ. ಕಟ್ಟಿನ ಮೇಲೆ ಕೂಡಿಬೀಳುವ ಹಲ್ಲುಗಳನ್ನು ಮಾತ್ರ ಪ್ರತಿ ಶನಿವಾರ ನಾನೇ ಸ್ಟೂಲ್ ಹತ್ತಿ ತೆಗೆಯಬೇಕು, ಸಹಾಯಕಿ ಮುಟ್ಟುವುದಿಲ್ಲ.