ಪ್ರೊಫೆಸರ್ ಥ್ವೇಟ್‌ರ ಉಂಗುರ

ಲೀಡ್ಸ್‌ನ ಪ್ರೊಫೆಸರ್ ಥ್ವೇಟ್ ಅವರಿಗೆ ಯಾವುದಕ್ಕೂ ಆತುರವಿರಲಿಲ್ಲ. ಚಹಾ ಕೊಟ್ಟರೆ, "ತಡಿಯಮ್ಮ, ಇನ್ನೂ ಸಮತೋಲಕ್ಕೆ ಬಂದಿಲ್ಲ" ಎಂದು ತಣ್ಣಗಾಗಿಸಿಯೇ ಕುಡಿಯುವರು. ಮಗ ಸೊಸೆ ಜಗಳವಾಡಿದರೂ ಅದೇ ಮಾತು, ಪಾದ್ರಿಗಳು ಪರಲೋಕದ ಪ್ರಸ್ತಾಪ ತೆಗೆದರೂ ಅದೇ ಮಾತು. ಆಯುಷ್ಯವೆಲ್ಲ ಗಾಜಿನ ಕೊಳವೆಗಳಲ್ಲಿ ಪಾದರಸ ಏರಿಳಿಸಿ ಅನಿಲಗಳ ಒತ್ತಡ ಅಳೆದವರು, ನಿವೃತ್ತರಾದ ಮೇಲೆ ಆ ಸರಂಜಾಮನ್ನೆಲ್ಲ ಮನೆಯ ಹಿಂಗೋಣೆಗೇ ತಂದುಕೊಂಡಿದ್ದರು. ಹಿಮ ಬೀಳುವಾಗಲೂ ಅಲ್ಲಿನ ಕಿಟಕಿ ಮುಚ್ಚಗೊಡರು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕುವರು. ಗಾಜು ಕಾಯಿಸಿ ಕೂದಲೆಳೆಯಷ್ಟು ಸಣ್ಣ ನಳಿಕೆ ಎಳೆಯುತ್ತಿದ್ದ ಕೈ ಈಗ ನಡುಗಿ ಚಹಾ ಚೆಲ್ಲುತ್ತಿತ್ತು. ಸೊಸೆ ಮೇವಿಸ್‌ಗೆ ಇದೆಲ್ಲ ನಗೆಯ ವಿಷಯ. ಒಂದನ್ನು ಮಾತ್ರ ಅವಳು ಸಹಿಸಳು. ಅಂಬೆಗಾಲಿಡುವ ಮಗಳು ನೆಲ್ ಆ ಹೊಸ್ತಿಲಿಗೆ ಬಂದರೆ ಸಾಕು, "ಎತ್ಕೊಂಡ್ಹೋಗು ಇದನ್ನ! ನನ್ನ ಗಾಜು ಒಡೆದೀತು!" ಎಂದು ಮುದುಕರು ಅಬ್ಬರಿಸುವರು. ಮೊಮ್ಮಗಳನ್ನು ಒಮ್ಮೆಯೂ ಮುಟ್ಟಿದವರಲ್ಲ. "ನಿಮ್ಮಪ್ಪನಿಗೆ ಎದೆ ಇರೋ ಜಾಗದಲ್ಲೂ ಗಾಜೇ ಕಣ್ರೀ" ಎಂದು ಅವಳು ಗಂಡನನ್ನು ಚುಚ್ಚುವಳು. ಒಂದು ದಿನ ಮಾವ ಅಡ್ಡಾಡಲು ಹೋಗಿದ್ದಾಗ ಅವಳೇ ಆ ಕೋಣೆ ಗುಡಿಸಿದಳು. ಜಮಖಾನ ಎತ್ತಿದರೆ ಹಲಗೆಯ ಸಂದಿಗಳಲ್ಲೆಲ್ಲ ಪಾದರಸದ ಹನಿ. ಹೆಕ್ಕಲು ಹೋದ ಬೆರಳಿನ ಚಿನ್ನದುಂಗುರ ಪಾದರಸ ಹಿಡಿದು ನೋಡನೋಡುತ್ತ ಬೆಳ್ಳಗಾಯಿತು. ಅಷ್ಟರಲ್ಲಿ ಮರಳಿ ಬಂದ ಮಾವ ಬಾಗಿಲಲ್ಲೇ ನಿಂತು ತಮ್ಮ ಕೈ ಮುಂದೆ ಮಾಡಿದರು. ಅವರ ಮದುವೆಯುಂಗುರವೂ ಬಿಳಿಚಿತ್ತು. "ಅದರ ಆವಿ ವಿಷ, ನನ್ನೊಳಗೆ ಇಳಿದಾಯ್ತಮ್ಮ. ಈ ನಡುಕವೂ ಅದರದೇ. ಬಟ್ಟೇಲೂ ಇದೆ. ಮಗೂಗೆ ತಾಗಬಾರದಲ್ಲ?" ಮೇವಿಸ್ ಉಂಗುರ ಕಳಚಿಟ್ಟು ಕೈ ತೊಳೆದು, ಬಿಸಿನೀರು ಕಾಯಿಸಿ, ಅವರನ್ನು ಮೈಕೈ ತೊಳೆದುಕೊಳ್ಳಲು ಹಚ್ಚಿ, ಗಂಡನ ಒಗೆದ ಅಂಗಿ ತೊಡಿಸಿ, ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ನೆಲ್‌ಳನ್ನು ಮುಂದೆ ಹಿಡಿದಳು. "ತಡೀರಿ ಮಾವ, ಕೈ ಸಮತೋಲಕ್ಕೆ ಬರುತ್ತೆ." "ಇದು ಬರಲ್ಲಮ್ಮ, ಬೀಳಿಸಿಬಿಡ್ತೀನಿ" ಎಂದ ಅವರ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡು ನಡುಗುತ್ತಲೇ ಇದ್ದವು.